ಹಿರೋಶಿಗೆಯ ಮಳೆಯನ್ನು ಕೆತ್ತಿದ ಕೈಗಳು

ಪರದೆ ಮೇಲಿರುವ ಈ ಚಿತ್ರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಕ್ಯಾಲೆಂಡರಿನಲ್ಲೋ, ಯಾರದೋ ಫೋನಿನ ವಾಲ್‌ಪೇಪರಿನಲ್ಲೋ. ಒಂದು ಮರದ ಸೇತುವೆ. ಇದ್ದಕ್ಕಿದ್ದಂತೆ ಮಳೆ ಹೊಡೆದಿದೆ. ಸೇತುವೆ ಮೇಲಿರುವವರು ಬೆನ್ನು ಬಗ್ಗಿಸಿಕೊಂಡು ಓಡುತ್ತಿದ್ದಾರೆ, ಕೊಡೆ ಇದ್ದವರು ಅದರೊಳಗೆ ಮುದುಡಿಕೊಂಡಿದ್ದಾರೆ. ಕೆಳಗೆ ನದಿಯಲ್ಲಿ ಒಬ್ಬ ಮರದ ದಿಮ್ಮಿಗಳ ತೆಪ್ಪವನ್ನು ಒಬ್ಬನೇ ನೂಕಿಕೊಂಡು ಹೋಗುತ್ತಿದ್ದಾನೆ, ಅವನಿಗೆ ಓಡಿಹೋಗಲು ಜಾಗವೇ ಇಲ್ಲ. ಆಚೆ ದಡ ಬರೀ ಬೂದು ಬಣ್ಣದ ನೆರಳು. ಮೇಲೆ ಕಪ್ಪು ಮೋಡ.

1857ರಲ್ಲಿ ಎಡೊ ನಗರದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ, ಅಚ್ಚಾದ ಚಿತ್ರ ಇದು. ಸುಮಿದ ನದಿಯ ಮೇಲಿನ ಶಿನ್ ಓಹಾಶಿ ಸೇತುವೆ. ಬರೆದವನು ಉಟಗಾವ ಹಿರೋಶಿಗೆ, ಅವನ ಸಹಿಯೂ ಇದೆ. ಆದರೆ ಈ ಮಳೆ ಇದೆಯಲ್ಲ, ಇದರ ಒಂದೊಂದು ಗೆರೆಯನ್ನೂ ಮರದಲ್ಲಿ ಬಿಡಿಸಿದ್ದು ಬೇರೆಯವರ ಕೈ. ಆ ಮೋಡವನ್ನು ಕಾಗದಕ್ಕೆ ಇಳಿಸಿದ್ದು ಇನ್ನೊಬ್ಬರ ಕೈ. ಪ್ಯಾರಿಸ್ಸು, ಲಂಡನ್ನು, ಶಿಕಾಗೋದ ದೊಡ್ಡ ಕಲಾವಿದರು ಹಿರೋಶಿಗೆಯಿಂದ ಕಲಿತರು ಎಂದು ಹೇಳುತ್ತೇವೆ. ನಿಜ. ಆದರೆ ಅವರು ಕಲಿತದ್ದು ಈ ಹೆಸರಿಲ್ಲದ ಕೈಗಳಿಂದಲೂ ಹೌದು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಮೊದಲು ಅವನ ಬದುಕಿನ ಕಥೆ ಹೇಳಿಬಿಡುತ್ತೇನೆ.

ಹಿರೋಶಿಗೆ ಹುಟ್ಟಿದ್ದು 1797ರಲ್ಲಿ, ಎಡೊದ ಅಗ್ನಿಶಾಮಕರ ವಸತಿಯಲ್ಲಿ. ಅಪ್ಪನ ಕೆಲಸ ಷೋಗನ್ನನ, ಅಂದರೆ ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿಯ, ಕೋಟೆಗೆ ಬೆಂಕಿ ಬೀಳದಂತೆ ಕಾಯುವುದು. ಕೆಳದರ್ಜೆಯ ಸಮುರಾಯ್ ಮನೆತನ, ವಂಶಪಾರಂಪರ್ಯವಾಗಿ ಬಂದ ಕೆಲಸ, ಸಂಬಳ ಕಡಿಮೆ. ಎಡೊ ಅಂದರೆ ಮರ ಮತ್ತು ಕಾಗದದ ಮನೆಗಳ ಊರು. ಆಗಾಗ ಬೆಂಕಿ ಬೀಳುತ್ತಿತ್ತು, ಬಿದ್ದರೆ ಕೇರಿಗೆ ಕೇರಿಯೇ ಹೋಗುತ್ತಿತ್ತು. 1809ರಲ್ಲಿ ತಾಯಿ ತೀರಿಕೊಂಡಳು. ಅಪ್ಪ ತನ್ನ ಹುದ್ದೆಯನ್ನು ಮಗನಿಗೆ ವಹಿಸಿ, ಅದೇ ವರ್ಷ ತಾನೂ ಹೋಗಿಬಿಟ್ಟ. ಹನ್ನೆರಡು ವರ್ಷದ ಹುಡುಗನ ಹೆಗಲಿಗೆ ಸರ್ಕಾರಿ ಕೆಲಸ, ಮನೆಯಲ್ಲಿ ಹಿರಿಯರೇ ಇಲ್ಲ.

ಚಿತ್ರ ಬರೆಯುವ ಹುಚ್ಚು ಮೊದಲಿನಿಂದಲೂ ಇತ್ತು. ಆಗ ಎಡೊದಲ್ಲಿ ಟೊಯೊಕುನಿ ಅಂತ ಬಹಳ ಹೆಸರು ಮಾಡಿದ ಕಲಾವಿದ ಇದ್ದ. ಹುಡುಗ ಮೊದಲು ಹೋದದ್ದು ಅವನ ಹತ್ತಿರ, ಜಾಗವಿಲ್ಲ ಎಂದು ವಾಪಸ್ ಕಳಿಸಿದರು ಎನ್ನುತ್ತಾರೆ. ಆಮೇಲೆ 1811ರ ಹೊತ್ತಿಗೆ ಟೊಯೊಹಿರೊ ಎಂಬ ಸ್ವಲ್ಪ ಸಾಧು ಸ್ವಭಾವದ ಗುರುವಿನ ಬಳಿ ಸೇರಿಕೊಂಡ. ಗುರುವಿನ ಹೆಸರಿನ 'ಹಿರೊ' ಸೇರಿಸಿ ಹಿರೋಶಿಗೆ ಎಂಬ ಹೆಸರು ಸಿಕ್ಕಿದ್ದು ಮರುವರ್ಷ. ನಂತರದ ಸುಮಾರು ಇಪ್ಪತ್ತು ವರ್ಷ ಎಲ್ಲರೂ ಬರೆಯುತ್ತಿದ್ದದ್ದನ್ನೇ ಬರೆದ: ನಾಟಕದ ನಟರು, ಚೆಲುವೆಯರು, ಪುಸ್ತಕಗಳಿಗೆ ಚಿತ್ರ. ಜೊತೆಗೆ ಬೆಂಕಿ ಕಾಯುವ ಕೆಲಸವೂ ನಡೆದಿತ್ತು. ಅದನ್ನು ಮನೆತನದ ಇನ್ನೊಬ್ಬರಿಗೆ ಪೂರ್ತಿಯಾಗಿ ಬಿಟ್ಟುಕೊಟ್ಟದ್ದು 1832ರಲ್ಲಿ. ಆ ಇಪ್ಪತ್ತು ವರ್ಷದ ಚಿತ್ರಗಳನ್ನು ನೋಡಿದರೆ ಮುಂದೆ ಇವನು ಹೀಗೆ ಬೆಳೆಯುತ್ತಾನೆ ಎಂದು ಯಾರಿಗೂ ಅನ್ನಿಸುವುದಿಲ್ಲ, ನನಗಂತೂ ಅನ್ನಿಸಲಿಲ್ಲ.

ಹಾಗಾದರೆ ಬದಲಾದದ್ದು ಏನು? ಒಂದು, ಬಣ್ಣ. ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಆದರೆ ಈ ಬಣ್ಣದ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅಲ್ಲಿಯವರೆಗೆ ಜಪಾನಿನ ಅಚ್ಚಿನವರ ಹತ್ತಿರ ಇದ್ದ ನೀಲಿಗಳು ಎರಡು. ಒಂದು ಹೂವಿನಿಂದ ತೆಗೆಯುವುದು, ಅದು ಬಿಸಿಲಿಗೂ ನೀರಿಗೂ ಬೇಗ ಮಾಸುತ್ತದೆ. ಇನ್ನೊಂದು ನಮಗೂ ಗೊತ್ತಿರುವ ನೀಲಿಗಿಡದ್ದು. ಅದನ್ನು ಕಡು ಬಣ್ಣದಿಂದ ತಿಳಿ ಬಣ್ಣಕ್ಕೆ ನಯವಾಗಿ ಎಳೆಯುವುದು ಕಷ್ಟ. ಇತ್ತ ಬರ್ಲಿನ್ನಿನಲ್ಲಿ 1700ರ ದಶಕದ ಶುರುವಿನಲ್ಲಿ ಬಣ್ಣ ಮಾಡುವವನೊಬ್ಬ ಕೆಂಪು ತಯಾರಿಸಲು ಹೋದಾಗ ಕಡುನೀಲಿಯೊಂದು ಬಂತು. ಅದೇ ಪ್ರಷ್ಯನ್ ನೀಲಿ. ಡಚ್ಚರ ಹಡಗಿನಲ್ಲಿ ನಾಗಸಾಕಿಗೆ ಬರುತ್ತಿತ್ತು, ಆದರೆ ಬೆಲೆ ಕೈಗೆಟುಕುತ್ತಿರಲಿಲ್ಲ. 1830ರ ಸುಮಾರಿಗೆ ಚೀನಾದಿಂದ ಅಗ್ಗವಾಗಿ ಬರತೊಡಗಿತು. ಅದೇ ಕಾಲದ ಕಲಾವಿದ ಹೊಕುಸಾಯ್‌ನ 'ದೊಡ್ಡ ಅಲೆ' ಎಂಬ ಹೆಸರಾದ ಚಿತ್ರ ಇದೇ ನೀಲಿಯದು. ಹಿರೋಶಿಗೆಯ ಆಕಾಶ, ನದಿ, ಸಂಜೆ ಎಲ್ಲಾ ಇದೇ ನೀಲಿಯವು. ಮುಂದೆ ಯುರೋಪಿನವರು "ಎಂಥಾ ಜಪಾನೀ ನೀಲಿ!" ಎಂದು ಬೆರಗಾದರಲ್ಲ, ಅದು ಅವರ ಕಡೆಯಿಂದಲೇ ಹೋಗಿದ್ದ ಬಣ್ಣ.

ಇನ್ನೊಂದು, ತಿರುಗಾಟ. ಎಡೊದಿಂದ ಕ್ಯೋಟೊಗೆ ಹೋಗುವ ಟೊಕಾಯ್ಡೊ ಹೆದ್ದಾರಿ ಸುಮಾರು 500 ಕಿಲೋಮೀಟರ್, ನಡುವೆ 53 ತಂಗುದಾಣ. ಜನ ನಡೆದೇ ಹೋಗುತ್ತಿದ್ದರು. ಸುಮ್ನೆ ಊರು ನೋಡಲು ಹೋಗುತ್ತೇವೆ ಎಂದರೆ ಪರವಾನಗಿ ಸಿಗುತ್ತಿರಲಿಲ್ಲ, ಯಾತ್ರೆ ಎಂದರೆ ಸಿಗುತ್ತಿತ್ತು. 1830ರಲ್ಲಿ ಇಸೆ ಕ್ಷೇತ್ರಕ್ಕೆ ಲಕ್ಷಗಟ್ಟಲೆ ಜನ ಹೋದರು. ಹೋಗಿಬಂದವರಿಗೆ ದಾರಿಯ ನೆನಪು ಬೇಕು, ಹೋಗಲು ಆಗದವರಿಗೆ ದಾರಿಯ ಕನಸು ಬೇಕು. 1833-34ರಲ್ಲಿ ಹೊಯೆಯ್ಡೊ ಎಂಬ ಪ್ರಕಾಶನದವರು ಹಿರೋಶಿಗೆಯಿಂದ ಈ ದಾರಿಯ ಚಿತ್ರಮಾಲೆ ಮಾಡಿಸಿದರು. 53 ತಂಗುದಾಣ, ಹೊರಡುವ ಸೇತುವೆ, ಕೊನೆಗೆ ಕ್ಯೋಟೊ, ಒಟ್ಟು 55 ಚಿತ್ರ. ಅದು ಎಷ್ಟು ಚೆನ್ನಾಗಿ ಓಡಿತು ಅಂದರೆ, ಮುಂದೆ ಜೀವನವಿಡೀ ಬೇರೆ ಬೇರೆ ಪ್ರಕಾಶಕರಿಗೆ ಅದೇ ದಾರಿಯನ್ನು ಮತ್ತೆ ಮತ್ತೆ ಬರೆದುಕೊಟ್ಟ.

ಅದರಲ್ಲಿ ಮರಿಕೊ ಎಂಬ ಊರಿನ ಚಿತ್ರ ನನಗೆ ಬಹಳ ಇಷ್ಟ. ರಸ್ತೆ ಬದಿಯ ಹುಲ್ಲುಚಾವಣಿಯ ಅಂಗಡಿ. ಇಬ್ಬರು ಪ್ರಯಾಣಿಕರು ಕೂತು ಗಬಗಬ ತಿನ್ನುತ್ತಿದ್ದಾರೆ. ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸು ಬಡಿಸುತ್ತಿದ್ದಾಳೆ. ಆ ಊರು ತುರಿದ ಗೆಣಸಿನ ಗೊಜ್ಜಿನಂಥ ಒಂದು ಅಡುಗೆಗೆ ಹೆಸರುವಾಸಿ. ಚೋಜಿಯಾ ಎಂಬ 1596ರ ಅಂಗಡಿಯೊಂದು ಇವತ್ತಿಗೂ ಅಲ್ಲಿ ಅದನ್ನೇ ಬಡಿಸುತ್ತಿದೆ. ದೊಡ್ಡ ಬೆಟ್ಟ, ದೇವಸ್ಥಾನ, ಅರಮನೆ ಏನೂ ಬೇಡ, ನಡೆದು ಸುಸ್ತಾದವರ ಹಸಿವು ಸಾಕು ಅಂತ ತೀರ್ಮಾನ ಮಾಡಿದ್ದಾನೆ ನೋಡಿ, ಹಿರೋಶಿಗೆಯ ಪ್ರೀತಿ ಇರುವುದು ಅಲ್ಲಿ.

ಇನ್ನೊಂದು ಕಂಬರ ಎಂಬ ತಂಗುದಾಣದ ಚಿತ್ರ. ರಾತ್ರಿ, ಮೊಣಕಾಲುದ್ದ ಹಿಮ, ಮೂರು ಜನ ತಲೆ ತಗ್ಗಿಸಿ ನಡೆಯುತ್ತಿದ್ದಾರೆ. ಹೆಚ್ಚೂಕಡಿಮೆ ಎಲ್ಲಾ ಕಪ್ಪು, ಬೂದು, ಬಿಳಿ. ತಮಾಷೆ ಏನೆಂದರೆ ಕಂಬರ ಸಮುದ್ರ ತೀರದ ಬೆಚ್ಚನೆಯ ಊರು. ಅಂಥ ಹಿಮ ಅಲ್ಲಿ ಬೀಳುವುದೇ ಇಲ್ಲ! 1832ರಲ್ಲಿ ಷೋಗನ್ನನು ಚಕ್ರವರ್ತಿಗೆ ಕುದುರೆ ಕಳಿಸುವಾಗ ಆ ಮೆರವಣಿಗೆಯಲ್ಲಿ ಹಿರೋಶಿಗೆಯೂ ಹೋಗಿದ್ದ, ದಾರಿಯುದ್ದಕ್ಕೂ ನೋಡಿ ಬರೆದ ಎನ್ನುವ ಕಥೆ ಬಹಳ ಕಾಲ ನಡೆದಿತ್ತು. ಈಗಿನ ವಿದ್ವಾಂಸರು ಅದನ್ನು ಅಷ್ಟಾಗಿ ನಂಬುವುದಿಲ್ಲ. ಪ್ರವಾಸಿ ಕೈಪಿಡಿಗಳ ಚಿತ್ರ ನೋಡಿಕೊಂಡು ಬರೆದದ್ದೂ ಉಂಟು. ಇದರಿಂದ ಅವನ ತೂಕ ಕಡಿಮೆಯಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಹಿಮದ ರಾತ್ರಿಯಲ್ಲಿ ನಡೆಯುವುದು ಹೇಗಿರುತ್ತದೆ ಎನ್ನುವುದು ಆ ಚಿತ್ರದಲ್ಲಿ ಪೂರ್ತಿ ಇದೆ.

ಈ ಚಿತ್ರಗಳ ಬೆಲೆ ಎಷ್ಟಿತ್ತು ಗೊತ್ತಾ? ಹೆಚ್ಚೂಕಡಿಮೆ ಬೀದಿಬದಿಯ ಒಂದು ಬಟ್ಟಲು ಸೋಬಾ ನೂಡಲ್ಸ್‌ನಷ್ಟು. ನಮ್ಮಲ್ಲಿ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿ ಪಟಗಳು ಹೇಗೆ ಮನೆಮನೆಯ ಗೋಡೆಗೆ ಬಂದವೋ ಹಾಗೆ. ಇದನ್ನು ಕಲೆ ಎಂದು ಕಾಪಾಡಿ ಇಡಬೇಕು ಎಂದು ಕೊಂಡವರಿಗೂ ಅನ್ನಿಸಿರಲಿಲ್ಲ. ಆ ಬೆಲೆಗೆ ಮಾರಬೇಕಾದರೆ ಒಂದೊಂದು ಚಿತ್ರವನ್ನೂ ಸಾವಿರಗಟ್ಟಲೆ ಒತ್ತಬೇಕು. ಅದು ಒಬ್ಬನ ಕೆಲಸ ಆಗಲು ಸಾಧ್ಯವೇ ಇಲ್ಲ, ಅಲ್ವಾ?

ಕೆಲಸ ಹೀಗೆ ನಡೆಯುತ್ತಿತ್ತು. ಹಣ ಹಾಕುವವನು, ವಿಷಯ ಸೂಚಿಸುವವನು ಪ್ರಕಾಶಕ. ಕಲಾವಿದ ತೆಳು ಕಾಗದದ ಮೇಲೆ ಬರೀ ಕಪ್ಪು ಗೆರೆಯಲ್ಲಿ ಚಿತ್ರ ಬರೆದುಕೊಡುತ್ತಾನೆ. ಸರ್ಕಾರದ ಒಪ್ಪಿಗೆಯ ಮುದ್ರೆ ಬೀಳಬೇಕು. ಆಮೇಲೆ ಅದು ಕೆತ್ತುವವನ ಮನೆಗೆ. ಅವನು ಆ ಕಾಗದವನ್ನು ಮಗುಚಿ, ನುಣುಪಾಗಿ ಸವರಿದ ಚೆರ್ರಿ ಹಲಗೆಗೆ ಅಂಟಿಸುತ್ತಾನೆ. ಹಿಂಬದಿಯಿಂದ ಕಾಗದದ ಪದರವನ್ನು ಉಜ್ಜಿ ತೆಗೆದರೆ ಗೆರೆಗಳು ಕಾಣುತ್ತವೆ. ಗೆರೆಯ ಎರಡೂ ಪಕ್ಕ ಚಾಕು ಓಡಿಸಿ, ಉಳಿದ ಮರವನ್ನೆಲ್ಲಾ ಉಳಿಯಿಂದ ತೆಗೆಯುತ್ತಾನೆ. ಗೆರೆ ಮಾತ್ರ ದಿಂಡಿನಂತೆ ಎದ್ದು ನಿಲ್ಲುತ್ತದೆ. ಹಿರಿಯ ಕೆತ್ತನೆಗಾರ ಮುಖ, ಕೂದಲಿನ ಎಳೆ ಮಾಡಿದರೆ, ಹುಡುಗರು ಅಗಲವಾದ ಖಾಲಿ ಜಾಗ ತೆಗೆಯುತ್ತಿದ್ದರು. ಈಗ ಮತ್ತೆ ಆ ಸೇತುವೆಯ ಮಳೆ ನೋಡಿ. ಮಳೆಗೆಂದೇ ಎರಡು ಹಲಗೆ. ಒಂದರ ಗೆರೆಗಳ ಓರೆಗೂ ಇನ್ನೊಂದರ ಓರೆಗೂ ಸ್ವಲ್ಪವೇ ಸ್ವಲ್ಪ ವ್ಯತ್ಯಾಸ. ಒಂದು ಗಾಢ ಬೂದು, ಒಂದು ತಿಳಿ. ಗಾಳಿಗೆ ಮಳೆ ಹೊಯ್ದಾಡುವ ಅನುಭವ ಬರುವುದು ಆ ವ್ಯತ್ಯಾಸದಿಂದ. ಇಷ್ಟು ಉದ್ದದ, ಇಷ್ಟು ಸಣ್ಣ ಗೆರೆಯನ್ನು ಮರದಲ್ಲಿ ಮುರಿಯದಂತೆ ಉಳಿಸಬೇಕು. ಒಂದು ಕಡೆ ಚಾಕು ಜಾರಿದರೆ ಮಳೆಯೇ ತುಂಡಾಗುತ್ತದೆ.

ಕೊನೆಗೆ ಅಚ್ಚು ಒತ್ತುವವನು. ಇವನ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ಮರೆಯುವುದು ಇವನನ್ನೇ. ಯಂತ್ರ ಇಲ್ಲ, ಪ್ರೆಸ್ ಇಲ್ಲ. ಪ್ರತಿ ಬಣ್ಣಕ್ಕೆ ಹಲಗೆ ಬದಲಾಗುತ್ತದೆ. ಹಲಗೆಯ ಮೂಲೆಯಲ್ಲಿ ಒಂದು ಮೂಲೆಗಚ್ಚು, ಅಂಚಿನಲ್ಲಿ ಒಂದು ನೇರ ಗಚ್ಚು ಕೆತ್ತಿರುತ್ತಾರೆ. ಒದ್ದೆ ಮಾಡಿದ ಕಾಗದವನ್ನು ಪ್ರತಿ ಸಲ ಅದಕ್ಕೇ ತಾಗಿಸಿ ಇಳಿಸಬೇಕು, ಕೂದಲೆಳೆ ಆಚೀಚೆಯಾದರೂ ಬಣ್ಣ ಗೆರೆ ದಾಟುತ್ತದೆ. ಕಾಗದ ಹಿಪ್ಪುನೇರಳೆ ಜಾತಿಯ ಗಿಡದ ತೊಗಟೆ ನಾರಿನದು, ಗಟ್ಟಿ, ಎಷ್ಟು ಸಲ ಉಜ್ಜಿದರೂ ಹರಿಯುವುದಿಲ್ಲ. ಬಿದಿರಿನ ಪೊರೆಯನ್ನು ಹುರಿ ಮಾಡಿ ಸುತ್ತಿದ ಅಂಗೈಯಗಲದ ಬಿಲ್ಲೆಯೊಂದರಿಂದ ಹಿಂದಿನಿಂದ ಉಜ್ಜುತ್ತಾನೆ. ಆಕಾಶ ಮೇಲೆ ಕಡುನೀಲಿ ಇದ್ದು ಕೆಳಗೆ ಬರುತ್ತಾ ಮಾಯವಾಗುತ್ತದಲ್ಲ, ಅದು ಹಲಗೆಯಲ್ಲಿ ಕೆತ್ತಿರುವುದಲ್ಲ. ಹಲಗೆಯನ್ನು ಒದ್ದೆ ಮಾಡಿ, ಒಂದಂಚಿಗೆ ಬಣ್ಣ ಹಾಕಿ, ಬ್ರಷ್ಷಿನಿಂದ ಎಳೆದು, ಅದು ಆರುವ ಮೊದಲು ಒತ್ತಬೇಕು. ಪ್ರತಿಯೊಂದು ಪ್ರತಿಗೂ ಹೊಸದಾಗಿ. ಆ ಸೇತುವೆಯ ಮೇಲಿನ ಕಪ್ಪು ಮೋಡದ ಅಂಕುಡೊಂಕು ಅಂಚು ಪೂರ್ತಿ ಒತ್ತುವವನ ಕೈಯಳತೆಯದು, ಹಲಗೆಯಲ್ಲಿ ಅದಕ್ಕೆ ಗುರುತೇ ಇಲ್ಲ. ಹಾಗಾಗಿ ಒಂದೊಂದು ಮ್ಯೂಸಿಯಮ್ಮಿನ ಪ್ರತಿಯಲ್ಲಿ ಒಂದೊಂದು ಮೋಡ. ಮೊದಲ ಒತ್ತುಗಳಲ್ಲಿ ಕಲಾವಿದ ಹೇಳಿದಂತೆ ಮಾಡುತ್ತಿದ್ದರು. ಬೇಡಿಕೆ ಹೆಚ್ಚಾಗಿ ಅವಸರ ಬಿದ್ದಾಗ ಪ್ರಕಾಶಕರು ಈ ನಾಜೂಕನ್ನು ಬಿಟ್ಟುಬಿಡುತ್ತಿದ್ದರು, ಆಗ ಅದೇ ಚಿತ್ರ ಸಪ್ಪೆಯಾಗುತ್ತಿತ್ತು.

ಇಷ್ಟೆಲ್ಲಾ ಮಾಡಿದವರ ಹೆಸರು ಚಿತ್ರದ ಮೇಲೆ ಇರುವುದು ಅಪರೂಪ. ಕಲಾವಿದನ ಸಹಿ, ಪ್ರಕಾಶಕನ ಮುದ್ರೆ ಇರುತ್ತವೆ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ.

ಮತ್ತೆ ಬದುಕಿಗೆ ಬರೋಣ. 1855ರಲ್ಲಿ ಎಡೊದಲ್ಲಿ ಭಾರೀ ಭೂಕಂಪ, ಜೊತೆಗೆ ಬೆಂಕಿ, ಸಾವಿರಾರು ಸಾವು. ಮರುವರ್ಷವೇ ಹಿರೋಶಿಗೆ ತನ್ನ ಊರಿನ ಚಿತ್ರಮಾಲೆ ಶುರು ಮಾಡಿದ, ಎಡೊದ ನೂರು ಹೆಸರಾದ ಜಾಗಗಳು. ಆಗ ತಲೆ ಬೋಳಿಸಿಕೊಂಡು ಬೌದ್ಧ ಸನ್ಯಾಸ ತೆಗೆದುಕೊಂಡಿದ್ದ, ಆದರೆ ಕೆಲಸ ಬಿಡಲಿಲ್ಲ. ನೂರು ಎಂದು ಶುರುವಾದದ್ದು ನೂರನ್ನು ದಾಟಿತು. ಅಸಾಕುಸ ದೇವಸ್ಥಾನದ ಗೋಪುರದ ತುದಿ ಭೂಕಂಪಕ್ಕೆ ಬಾಗಿಹೋಗಿತ್ತು. ಅವನ ಚಿತ್ರದಲ್ಲಿ ಅದು ನೆಟ್ಟಗೆ ನಿಂತಿದೆ, ಹಿಮ ಬಿದ್ದಿದೆ, ಮುಂದೆ ದೊಡ್ಡ ಕೆಂಪು ಲಾಟೀನು. ಬೆಂಕಿ ಕಾಯುವ ಮನೆಯಲ್ಲಿ ಹುಟ್ಟಿದವನು ಬಿದ್ದ ಊರು ಎದ್ದು ನಿಲ್ಲುವುದನ್ನು ಬರೆದಿದ್ದಾನೆ ಎಂದು ಕೆಲವರು ಓದುತ್ತಾರೆ. ನನಗೂ ಹಾಗೆಯೇ ಕಾಣುತ್ತದೆ.

ಈ ಮಾಲೆಯಲ್ಲಿ ಅವನು ಮಾಡಿದ ಒಂದು ಕೆಲಸ ಮುಂದೆ ಯುರೋಪನ್ನೇ ಅಲ್ಲಾಡಿಸಿತು. ಯಾವುದೋ ಒಂದು ವಸ್ತುವನ್ನು ಕಣ್ಣಿಗೆ ಒತ್ತುವಷ್ಟು ಹತ್ತಿರ ತಂದು, ಅರ್ಧಕ್ಕೆ ಕತ್ತರಿಸಿ, ಅದರ ಸಂದಿಯಿಂದ ದೂರವನ್ನು ತೋರಿಸುವುದು. ಶಿಂಜುಕು ಚಿತ್ರದಲ್ಲಿ ಎದುರಿಗೇ ಕುದುರೆಯ ಹಿಂಭಾಗ, ನೆಲದ ಮೇಲೆ ಲದ್ದಿ, ಆಚೆ ಬೀದಿ. ಇವತ್ತು ಅದೇ ಶಿಂಜುಕು ಜಗತ್ತಿನ ಅತಿ ಗಿಜಿಗುಡುವ ರೈಲು ನಿಲ್ದಾಣ. ಹನೆದ ಚಿತ್ರದಲ್ಲಿ ಅಂಬಿಗನ ರೋಮದ ಕಾಲುಗಳು, ಅವುಗಳ ನಡುವಿನಿಂದ ನದಿ ಕಾಣುತ್ತದೆ. ಈಗ ಹನೆದ ಅಂದರೆ ವಿಮಾನ ನಿಲ್ದಾಣ. ಇನ್ನು ಕಮೆಯ್ಡೊದ ಪ್ಲಮ್ ತೋಟ: ಚಿತ್ರಕ್ಕೆ ಅಡ್ಡಲಾಗಿ ಒಂದೇ ಒಂದು ದಪ್ಪ ಕಾಂಡ, ಹಿಂದೆ ಕೆಂಪು ಆಕಾಶ, ದೂರದಲ್ಲಿ ಇರುವೆಯಷ್ಟು ಜನ.

1858ರಲ್ಲಿ ಎಡೊಗೆ ಕಾಲರಾ ಬಂತು. ಆ ಪಿಡುಗಿನ ಹೊತ್ತಿನಲ್ಲೇ ಹಿರೋಶಿಗೆ ತೀರಿಕೊಂಡ. ಬರೆದ ಚಿತ್ರಗಳು ಐದು ಸಾವಿರಕ್ಕೂ ಹೆಚ್ಚು. ಅದೇ ವರ್ಷ ಜಪಾನ್ ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳ ಜೊತೆ ವ್ಯಾಪಾರ ಒಪ್ಪಂದಗಳಿಗೆ ಸಹಿ ಹಾಕಿತು. ಹಡಗುಗಳಲ್ಲಿ ಪಿಂಗಾಣಿ, ರೇಷ್ಮೆ ಜೊತೆ ಈ ಅಗ್ಗದ ಚಿತ್ರಗಳೂ ಹೊರಟವು.

ವ್ಯಾನ್ ಗೋ 1886ರಲ್ಲಿ ಪ್ಯಾರಿಸ್ಸಿಗೆ ಬಂದಾಗ ಸಿಗ್‌ಫ್ರೀಡ್ ಬಿಂಗ್ ಎಂಬ ವ್ಯಾಪಾರಿಯ ಅಂಗಡಿಯ ಅಟ್ಟದಲ್ಲಿ ಇಂಥ ಚಿತ್ರಗಳ ರಾಶಿಯೇ ಇತ್ತು. ಕೈಯಲ್ಲಿ ಕಾಸಿಲ್ಲದ ವ್ಯಾನ್ ಗೋ ನೂರಾರು ಕೊಂಡ ಎಂದರೆ ಬೆಲೆ ಎಷ್ಟಿತ್ತು ಊಹಿಸಿ. ಮಾರಿ ಲಾಭ ಮಾಡಬೇಕೆಂದಿದ್ದ. 1887ರಲ್ಲಿ ಒಂದು ಕೆಫೆಯಲ್ಲಿ ಪ್ರದರ್ಶನವನ್ನೂ ಇಟ್ಟ. ವ್ಯಾಪಾರ ಆಗಲಿಲ್ಲ, ಚಿತ್ರಗಳು ಅವನ ಬಳಿಯೇ ಉಳಿದವು. ಅದೇ ವರ್ಷ ಹಿರೋಶಿಗೆಯ ಪ್ಲಮ್ ಮರವನ್ನೂ ಸೇತುವೆಯ ಮಳೆಯನ್ನೂ ಎಣ್ಣೆಬಣ್ಣದಲ್ಲಿ ನಕಲು ಮಾಡಿದ.

ಎರಡೂ ಮಳೆಯನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಸೇತುವೆ ಹಳದಿಯಾಗಿದೆ, ನೀರು ಹಸಿರುನೀಲಿಯಾಗಿ ಕುಲುಕಾಡುತ್ತಿದೆ, ಸುತ್ತ ಬೇರೆ ಚಿತ್ರಗಳಿಂದ ನೋಡಿ ಬರೆದ ಜಪಾನೀ ಅಕ್ಷರಗಳ ಪಟ್ಟಿ. ಎಲ್ಲಾ ಸರಿ, ಮಳೆ ಮಾತ್ರ ಬೇರೆ. ಬ್ರಷ್ಷಿನ ಗೆರೆ ದಪ್ಪವಾಗುತ್ತದೆ, ನಡುವೆ ತುಂಡಾಗುತ್ತದೆ. ಚಾಕು ಬಿಟ್ಟ ಗೆರೆಯ ಆ ಸಣ್ಣತನ ಎಣ್ಣೆಬಣ್ಣಕ್ಕೆ ಬರುವುದಿಲ್ಲ. ಹಿರೋಶಿಗೆಯ ರಚನೆಯನ್ನು ವ್ಯಾನ್ ಗೋ ಪೂರ್ತಿ ತೆಗೆದುಕೊಂಡ, ಕೆತ್ತಿದವನ ಕೈ ಮಾತ್ರ ಅವನ ಹಿಡಿತಕ್ಕೆ ಸಿಗಲಿಲ್ಲ. ಆ ಕೈ ಅಲ್ಲಿತ್ತು ಎನ್ನುವುದು ನಮಗೆ ಚೆನ್ನಾಗಿ ಕಾಣುವುದು ಅದು ಇಲ್ಲದ ಈ ಚಿತ್ರದಲ್ಲೇ. ಆದರೆ ನಕಲು ಅಲ್ಲಿಗೇ ನಿಲ್ಲಲಿಲ್ಲ. ಮರುವರ್ಷ ಆರ್ಲ್‌ನಲ್ಲಿ ಬಿತ್ತುವವನ ಚಿತ್ರ ಬರೆದ. ಎದುರಿಗೆ ಅಡ್ಡಲಾಗಿ ದಪ್ಪ ಮರದ ಕಾಂಡ, ಹಿಂದೆ ದೊಡ್ಡ ಹಳದಿ ಸೂರ್ಯ. ಕಮೆಯ್ಡೊದ ಪ್ಲಮ್ ಮರ ಫ್ರಾನ್ಸಿನ ಹೊಲಕ್ಕೆ ಬಂದು ನಿಂತಿದೆ, ಈಗ ಅದು ಪೂರ್ತಿ ವ್ಯಾನ್ ಗೋನ ಚಿತ್ರ. ತನ್ನ ಕೆಲಸವೆಲ್ಲಾ ಸ್ವಲ್ಪಮಟ್ಟಿಗೆ ಜಪಾನೀ ಕಲೆಯ ಮೇಲೆ ನಿಂತಿದೆ ಎಂದು ತಮ್ಮ ಥಿಯೋಗೆ ಬರೆದದ್ದೂ 1888ರಲ್ಲೇ.

ಉಳಿದವರನ್ನು ಬೇಗ ಹೇಳಿಬಿಡುತ್ತೇನೆ. ಲಂಡನ್ನಿನಲ್ಲಿ ವಿಸ್ಲರ್ 1870ರ ದಶಕದಲ್ಲಿ ಥೇಮ್ಸ್ ನದಿಯ ಬ್ಯಾಟರ್ಸೀ ಸೇತುವೆಯನ್ನು ರಾತ್ರಿಯ ನೀಲಿಯಲ್ಲಿ ಬರೆದ. ಸೇತುವೆಯ ಒಂದೇ ಕಂಬ, ಅದೂ ಆಕಾಶದಷ್ಟು ಎತ್ತರ. 1878ರಲ್ಲಿ ಅವನು ಹೂಡಿದ್ದ ಮಾನನಷ್ಟ ಮೊಕದ್ದಮೆಯಲ್ಲಿ ಇದನ್ನು ಕೋರ್ಟಿಗೆ ತಂದಾಗ, ಸೇತುವೆ ಮೇಲಿರುವುದು ಮನುಷ್ಯರೇನಪ್ಪಾ ಎಂದು ಕೇಳಿದರಂತೆ. ಹಿರೋಶಿಗೆಯ ಸೇತುವೆಗಳನ್ನು ನೋಡಿದ್ದವರು ಆ ಪ್ರಶ್ನೆ ಕೇಳುತ್ತಿರಲಿಲ್ಲ. 1893ರಲ್ಲಿ ಫ್ರಾನ್ಸಿನ ಚಿತ್ರಕಾರ ಪಿಸ್ಸಾರೊ ತನ್ನ ಮಗನಿಗೆ ಬರೆದ ಪತ್ರದಲ್ಲಿ ಹಿರೋಶಿಗೆ ಅದ್ಭುತ ಇಂಪ್ರೆಷನಿಸ್ಟ್, ಅಂದರೆ ಕ್ಷಣದ ಬೆಳಕನ್ನು ಹಿಡಿಯುವ ತಮ್ಮಂಥ ಚಿತ್ರಕಾರ, ಎಂದ. ಮೋನೆ ತನ್ನ ಗಿವರ್ನಿ ಮನೆಯ ಗೋಡೆಗಳಲ್ಲಿ ಜಪಾನೀ ಚಿತ್ರಗಳನ್ನೇ ತುಂಬಿದ್ದ, ಇನ್ನೂರಕ್ಕೂ ಹೆಚ್ಚು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1905ರಲ್ಲಿ ಮೊದಲ ಬಾರಿ ಜಪಾನಿಗೆ ಹೋಗಿ ಕಂತೆಗಟ್ಟಲೆ ತಂದ, ಮರುವರ್ಷ ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿ ಹಿರೋಶಿಗೆಯದೇ ಪ್ರದರ್ಶನ ಮಾಡಿಸಿದ. ಕಟ್ಟಡದ ಕೆಲಸ ಸಿಗದ ಕಾಲದಲ್ಲಿ ಅವನ ಕೈಹಿಡಿದದ್ದು ಈ ಚಿತ್ರಗಳ ಮಾರಾಟವೇ.

ಈಗ ಅಷ್ಟಾಗಿ ಯಾರೂ ಹೇಳದ ಭಾಗ. ಪ್ರಭಾವ ಒಂದೇ ದಿಕ್ಕಿಗೆ ಹೋಗಲಿಲ್ಲ. ಕಲೆ ಎಂದರೆ ಒಬ್ಬನೇ ವ್ಯಕ್ತಿಯ ಒಳಗಿನದು ಎನ್ನುವ ಯುರೋಪಿನ ನಂಬಿಕೆ ಜಪಾನಿಗೂ ಬಂತು. 1904ರಲ್ಲಿ ಯಮಾಮೊಟೊ ಕನಾಯೆ ಎಂಬ ಯುವಕ ಬೆಸ್ತನೊಬ್ಬನ ಚಿತ್ರವನ್ನು ತಾನೇ ಬರೆದು, ತಾನೇ ಕೆತ್ತಿ, ತಾನೇ ಒತ್ತಿದ. ಅಲ್ಲಿಂದ ಒಂದು ಚಳವಳಿಯೇ ಶುರುವಾಯಿತು, ಬೇರೆಯವರು ಕೆತ್ತಿದರೆ ಅದು ನಮ್ಮ ಕಲೆ ಹೇಗಾಗುತ್ತದೆ ಎನ್ನುವ ವಾದ. ಇನ್ನೊಂದು ಕಡೆ ವತಾನಬೆ ಶೊಜಾಬುರೊ ಎಂಬ ಪ್ರಕಾಶಕ ಹಳೆಯ ನಾಲ್ಕು ಜನರ ಪದ್ಧತಿಯನ್ನೇ ಹಿಡಿದು, ಕವಾಸೆ ಹಸುಯಿಯಂಥವರಿಂದ ಹೊಸ ಊರು, ಹೊಸ ಹಿಮ ಬರೆಸಿದ. ಇವರ ಕಾಲದವನೇ ಯೊಶಿದ ಹಿರೋಶಿ. ಅವನು 1930ರ ಸುಮಾರಿಗೆ ಭಾರತಕ್ಕೂ ಬಂದು ತಾಜ್ ಮಹಲನ್ನು ಬೆಳಗಿನಲ್ಲಿ, ಬೆಳದಿಂಗಳಲ್ಲಿ ಬರೆದಿದ್ದಾನೆ. ಸಮಯ ಸಿಕ್ಕರೆ ಹುಡುಕಿ ನೋಡಿ.

ವಾಸ್ತುಶಿಲ್ಪಿ ಕೆಂಗೊ ಕುಮ ತೊಚಿಗಿ ಪ್ರಾಂತ್ಯದಲ್ಲಿ ಹಿರೋಶಿಗೆ ಹೆಸರಿನ ಮ್ಯೂಸಿಯಂ ಕಟ್ಟಿದ್ದಾನೆ, 2000ನೇ ಇಸವಿಯಲ್ಲಿ ತೆರೆಯಿತು. ಇಡೀ ಕಟ್ಟಡಕ್ಕೆ ಸುಗಿ ಎಂಬ ಜಪಾನೀ ಮರದ ಸಣ್ಣ ಪಟ್ಟಿಗಳ ಹೊದಿಕೆ, ಸಾಲು ಸಾಲಾಗಿ. ಅವು ಹಿರೋಶಿಗೆಯ ಮಳೆ ಗೆರೆಗಳು. ಬ್ರೂಕ್ಲಿನ್ ಮ್ಯೂಸಿಯಂ 2024ರಲ್ಲಿ ಎಡೊ ಮಾಲೆಯನ್ನು ಪೂರ್ತಿ ತೋರಿಸಿದಾಗ ಈಗಿನ ಜಪಾನೀ ಕಲಾವಿದ ತಕಾಶಿ ಮುರಕಾಮಿ ಆ ಚಿತ್ರಗಳನ್ನು ದೊಡ್ಡ ಕ್ಯಾನ್ವಾಸಿನಲ್ಲಿ ಮತ್ತೆ ಬರೆದು ಜೊತೆಗಿಟ್ಟ. ಈ ಮಾಲೆ ಆನ್‌ಲೈನಿನಲ್ಲಿ ಉಚಿತವಾಗಿ ನೋಡಲು ಸಿಗುತ್ತದೆ.

ಕೊನೆಯಲ್ಲಿ ಸಭೆಯಿಂದ ಒಬ್ಬರು ಕೇಳಿದ ಪ್ರಶ್ನೆ: ಆ ಸೇತುವೆಯ ಮಳೆ ಚಿತ್ರದ ಒರಿಜಿನಲ್ ಎಲ್ಲಿದೆ? ಹಿರೋಶಿಗೆ ಕೈಯಾರೆ ಬರೆದ ಆ ಹಾಳೆ ಯಾವ ಮ್ಯೂಸಿಯಮ್ಮಿನಲ್ಲಿದೆ?

ಎಲ್ಲೂ ಇಲ್ಲ. ಅವನು ಬರೆದ ಹಾಳೆಯನ್ನು ಹಲಗೆಗೆ ಅಂಟಿಸಿ ಅದರ ಮೇಲೇ ಚಾಕು ಓಡಿಸಿದರು ಎಂದೆನಲ್ಲ, ಆ ಕೆತ್ತನೆಯಲ್ಲೇ ಅದು ಮರದ ಚೂರಿನ ಜೊತೆ ಹೋಯಿತು. ನಮ್ಮ ಬಳಿ ಉಳಿದಿರುವುದು ಕೆತ್ತಿದವನೂ ಒತ್ತಿದವನೂ ಸೇರಿ ಮಾಡಿದ ಪ್ರತಿಗಳು ಮಾತ್ರ, ಒಂದೊಂದರಲ್ಲೂ ಮೋಡ ಸ್ವಲ್ಪ ಬೇರೆ.